ಮೆಸೇಜಿನ ಭಾಷೆ ಬ್ರಾಂಚಿಂದಲ್ಲ, ಖಾತೆದಾರಂದು

ಗಡಿ ತಾಲೂಕಿನ ಗೆಳೆಯರೇ, ಒಂದು ಕೆಲಸ ಮಾಡ್ರಿ. ಮನ್ಯಾಗ ಅವ್ವನ ಫೋನ್ ಇಸಗೊಂಡು ಬ್ಯಾಂಕಿನಿಂದ ಬಂದ ಕಡೀ ಹತ್ತು ಮೆಸೇಜ್ ತೆಗೆದು ನೋಡ್ರಿ. ಇಂಗ್ಲಿಷ್ ಎಷ್ಟು, ಹಿಂದಿ ಎಷ್ಟು, ಮರಾಠಿ ಎಷ್ಟು, ಕನ್ನಡ ಎಷ್ಟು ಅಂತ ಎಣಿಸ್ರಿ. ಆಮೇಲೆ ಆ ಹತ್ತರಾಗ ಅವ್ವಗ ಎಷ್ಟು ತಿಳೀತು ಅಂತ ಕೇಳ್ರಿ.

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆಯ ಬಹಳ ಮನೆಗಳಲ್ಲಿ ಕಥೆ ಒಂದೇ. ಮೆಸೇಜ್ ಬಂದ ಸಪ್ಪಳ ಕೇಳ್ತದ. ಅದರಾಗ ಏನದ ಅನ್ನೋದು ಮಗ ಸಂಜಿಗೆ ಮನಿಗೆ ಬಂದ ಮ್ಯಾಲೆ ತಿಳೀತದ. ಮಗ ಪುಣೆಯಲ್ಲಿ ದುಡಿಯಾಕ ಹೋಗಿದ್ದರೆ ತಿಳಿಯೋದೇ ಇಲ್ಲ. ಕೌಂಟರಿನ ಒಳಗಡೆ ಕೂರುವ ನಮಗೆ ಇದು ದಿನಾ ಕಾಣುತ್ತದೆ. ಪಾಸ್‌ಬುಕ್ಕಿಗಿಂತ ಮೊದಲು ಫೋನ್ ಒಳಗೆ ಬರ್ತದ: "ಸಾಹೇಬ್ರ, ಇದೇನ್ ಬಂದದ ಸ್ವಲ್ಪ ಓದಿ ಹೇಳ್ರಿ." ಹೇಳ್ತೀವಿ. ಆದರೆ ಹಿಂದೆ ಇಪ್ಪತ್ತು ಮಂದಿ ಪಾಳಿ ಹಚ್ಚಿರ್ತಾರ. ಕೌಂಟರಿಗೆ ಬರದವರಿಗೆ ಹೇಳೋರು ಯಾರು?

ಇದು ಸೀದಾ ರೊಕ್ಕಕ್ಕೆ ಸಂಬಂಧಪಟ್ಟ ಮಾತು. ಮೂರು ಲೆಕ್ಕ ನೋಡ್ರಿ.

ಒಂದನೇದು, ಕಳುವಾದ ರೊಕ್ಕ. ಆನ್‌ಲೈನ್ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವನು ಯಾವನೋ ಖಾತೆಯಿಂದ ಹಣ ಎತ್ತಿದರೆ, ಬ್ಯಾಂಕಿನ ಸೂಚನೆ ನಿಮಗೆ ತಲುಪಿದ 3 ಕೆಲಸದ ದಿನಗಳೊಳಗೆ ತಿಳಿಸಬೇಕು. ತಿಳಿಸಿದರೆ ನಷ್ಟ ನಿಮ್ಮದಲ್ಲ, ಪೂರ್ತಿ ಹಣ ವಾಪಸ್. 4ರಿಂದ 7 ದಿನದೊಳಗೆ ತಿಳಿಸಿದರೆ ನಿಮ್ಮ ತಲೆ ಮೇಲೆ ಪಾಲು ಬೀಳುತ್ತದೆ: ಜನಧನದಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿವರೆಗೆ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿವರೆಗೆ. 7 ದಿನ ದಾಟಿತೋ, ಆಯಾ ಬ್ಯಾಂಕಿನ ಮಂಡಳಿಯ ನೀತಿ ಏನು ಹೇಳುತ್ತದೋ ಅದು. ಓಟಿಪಿ ಹೇಳಿ ನೀವೇ ಸಿಕ್ಕಿಬಿದ್ದಿದ್ದರೂ ಲಗೂನ ತಿಳಿಸೋದು ಮುಖ್ಯ. ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.

ಈಗ ಈ ನಿಯಮದ ಒಂದು ಶಬ್ದ ಹಿಡೀರಿ. ದಿನ ಎಣಿಸೋದು ಸೂಚನೆ "ತಲುಪಿದ" ಮೇಲೆ. "ತಿಳಿದ" ಮೇಲೆ ಅಲ್ಲ. ಇಂಗ್ಲಿಷ್ ಮೆಸೇಜ್ ಅವ್ವನ ಫೋನಿನಾಗ ಬಂದು ಕೂತಿತು ಅಂದ್ರ ಗಡಿಯಾರ ಶುರು ಆತು. ಅವ್ವ ಅದನ್ನ ಓದಲಿ, ಬಿಡಲಿ.

ಎರಡನೇದು, ಬೆಳೆಸಾಲ. ಬಡ್ಡಿ ರಿಯಾಯಿತಿ ಇರುವ ಬೆಳೆಸಾಲಕ್ಕೆ ಬಡ್ಡಿ 7%. ವೇಳೆಗೆ ಸರಿಯಾಗಿ ಕಟ್ಟಿದರೆ ಕೇಂದ್ರದಿಂದ 3% ಮಾಫಿ, ಉಳಿಯೋದು 4%. ಮಹಾರಾಷ್ಟ್ರದಲ್ಲಿ ಡಾ. ಪಂಜಾಬರಾವ್ ದೇಶಮುಖ್ ಬಡ್ಡಿ ಸವಲತ್ತು ಯೋಜನೆ ಸೇರಿದರೆ, 3 ಲಕ್ಷದೊಳಗಿನ ಸಾಲ ವೇಳೆಗೆ ತೀರಿಸಿದವರಿಗೆ ಬಡ್ಡಿ ಸೊನ್ನೆ ಆಗುವ ವ್ಯವಸ್ಥೆ ಇದೆ. ಅಂದರೆ 1 ಲಕ್ಷ ಸಾಲದ ಮೇಲೆ ಒಂದು ವರ್ಷಕ್ಕೆ ತಾರೀಖು ತಪ್ಪಿದವನಿಗೂ ತಪ್ಪದವನಿಗೂ 7,000 ರೂಪಾಯಿ ಫರಕು. ದುಧನಿ ಬಜಾರಿನಾಗ ತೊಗರಿ ಮಾರಿ ರೊಕ್ಕ ಕೈಯಾಗ ಇಟ್ಟುಕೊಂಡೇ ತಾರೀಖು ಮರೆತ ರೈತರಿದ್ದಾರೆ. ನೆನಪು ಮಾಡೋ ಮೆಸೇಜ್ ಬಂದಿರ್ತದ. ಓದಾಕ ಬಂದಿರಲ್ಲ.

ಮೂರನೇದು, ವಿಮೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ತಾನೇ ಕಡಿತ ಆಗುತ್ತದೆ. ಖಾತೆಯಲ್ಲಿ ಅಷ್ಟು ಬಾಕಿ ಇಲ್ಲದಿದ್ದರೆ ಜೂನ್ 1ರಿಂದ 2 ಲಕ್ಷದ ರಕ್ಷಣೆ ಇಲ್ಲ. "ಖಾತೇದಾಗ ರೊಕ್ಕ ಇಡ್ರಿ" ಅನ್ನೋ ಒಂದು ಸಾಲು ತಿಳಿಯದ್ದಕ್ಕೆ ಒಂದು ಮನೆಯ 2 ಲಕ್ಷ ಹೋಗಬಹುದು.

ಇನ್ನೊಂದು ಕಡೆ ನೋಡ್ರಿ. ಫೋನ್ ಹಚ್ಚೋ ಮೋಸಗಾರ ಎದುರಿನವರು ಯಾವ ಭಾಷೆಯಲ್ಲಿ "ಹಲೋ" ಅಂದ್ರು ಅಂತ ನೋಡಿ ಅದೇ ಭಾಷೆ ಆಡ್ತಾನ, ಬರದಿದ್ದರೆ ಬರೋವರನ್ನ ಕೂಡಿಸ್ತಾನ. ಕಳ್ಳನಿಗೆ ಗಿರಾಕಿಯ ಭಾಷೆಯ ಬೆಲೆ ಗೊತ್ತದ. ರೊಕ್ಕ ಕಾಯೋರಿಗೆ ಯಾಕ ಗೊತ್ತಿರಬಾರದು?

ಈ ಮೆಸೇಜ್ ಹುಟ್ಟೋದು ಹೆಂಗ ಅಂತ ತಿಳಿದರೆ, ಕೇಳಬೇಕಾದ್ದು ಎಷ್ಟು ಸಣ್ಣದು ಅನ್ನೋದು ಗೊತ್ತಾಗುತ್ತದೆ. ಕಂಪ್ಯೂಟರ್ ಕಲಿತ ತಮ್ಮ ತಂಗೇರು ಇದನ್ನ ಲಕ್ಷ್ಯ ಕೊಟ್ಟು ಓದ್ರಿ.

ಬ್ಯಾಂಕಿನ ಖಾತೆಗಳೆಲ್ಲ ಒಂದು ಡೇಟಾಬೇಸ್‌ನಲ್ಲಿರುತ್ತವೆ. ಅದನ್ನ ಬಹಳ ದೊಡ್ಡ ಲೆಡ್ಜರ್ ಅನ್ಕೊಳ್ರಿ: ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸಾಲು, ಹೆಸರಿಗೆ ಒಂದು ಕಾಲಂ, ಮೊಬೈಲ್ ನಂಬರಿಗೆ ಒಂದು, ಇಮೇಲಿಗೆ ಒಂದು. ಯಂತ್ರ ಗೊತ್ತುಮಾಡಿದ ಹೊತ್ತಿಗೆ ಈ ಲೆಡ್ಜರಿಗೆ ಪ್ರಶ್ನೆ ಹಾಕುತ್ತದೆ. ಮುಂದಿನ 15 ದಿನದಾಗ ಮುದ್ದತ್ತು ಮುಗಿಯೋ ಬೆಳೆಸಾಲ ಯಾವವು? ಯಾರ ಕೆವೈಸಿ ಈ ತಿಂಗಳು ಬಾಕಿ ಅದ? ಯಾರ ಖಾತೆ 2 ವರ್ಷದಿಂದ ವ್ಯವಹಾರ ಇಲ್ಲದೆ ಬಿದ್ದದ? ಈ ಪ್ರಶ್ನೆಗೆ ಕ್ವೆರಿ ಅಂತಾರೆ. ಉತ್ತರವಾಗಿ ಒಂದು ಪಟ್ಟಿ ಬರುತ್ತದೆ.

ಆಮೇಲೆ ಟೆಂಪ್ಲೇಟ್. ನಾವು ಕೌಂಟರಿನಲ್ಲಿ ಕೊಡುವ ಖಾಲಿ ಫಾರ್ಮ್ ಇದ್ದಂಗೆ ಅದು. ಮಾತು ಮೊದಲೇ ಬರೆದಿರುತ್ತದೆ, ಹೆಸರು, ಮೊತ್ತ, ತಾರೀಖಿನ ಜಾಗ ಖಾಲಿ. ಪಟ್ಟಿಯ ಒಂದೊಂದು ಸಾಲು ಬಂದು ಆ ಖಾಲಿ ಜಾಗ ತುಂಬುತ್ತದೆ, ಮೆಸೇಜೋ ಇಮೇಲೋ ಆಗಿ ಹೊರಗೆ ಹೋಗುತ್ತದೆ. ಇಲ್ಲಿ ಮನುಷ್ಯರ ಕೈ ತಾಗೋದು ಒಂದೇ ಸಲ, ಟೆಂಪ್ಲೇಟ್ ಬರೆಯುವಾಗ. ಒಮ್ಮೆ ಬರೆದದ್ದು ಲಕ್ಷಗಟ್ಟಲೆ ಜನಕ್ಕೆ ಹೋಗ್ತದ.

ಈಗ ಆ ಲೆಡ್ಜರಿನಾಗ ಇನ್ನೊಂದು ಕಾಲಂ ಇದೆ ಅನ್ಕೊಳ್ರಿ: "ಗಿರಾಕಿಗೆ ಬೇಕಾದ ಭಾಷೆ". ಯಂತ್ರ ಆ ಕಾಲಂ ನೋಡಿ ಕನ್ನಡ ಅಂತಿದ್ರ ಕನ್ನಡದ ಟೆಂಪ್ಲೇಟ್ ಎತ್ತಿಕೊಳ್ತದ, ತೆಲುಗು ಅಂತಿದ್ರ ತೆಲುಗಿಂದು. ಖಾಲಿ ಇದ್ರ ಎಲ್ಲರಿಗೂ ಕೊಡೋದನ್ನೇ ಕೊಡ್ತದ. ನಾವು ಕೇಳೋದು ಇಷ್ಟೇ: ಆ ಕಾಲಂ ಇರಲಿ, ಅದನ್ನ ತುಂಬೋ ಹಕ್ಕು ಖಾತೆದಾರನಿಗೆ ಇರಲಿ, ಅವನ ಮಾತಿನ ಪ್ರಕಾರ ಟೆಂಪ್ಲೇಟ್ ಹೋಗಲಿ.

ಇದು ಹಳೇ ಬೇಡಿಕೆಯಂಥದ್ದಲ್ಲ ಅನ್ನೋದನ್ನ ತಿಳ್ಕೋಬೇಕು. ಇಲ್ಲಿಯವರೆಗಿನ ಭಾಷಾ ನಿಯಮಗಳೆಲ್ಲ ಕಾಗದದ ಕಾಲದವು. ಬ್ಯಾಂಕಿನ ಫಾರ್ಮು, ಸ್ಲಿಪ್ಪು, ಪಾಸ್‌ಬುಕ್ಕು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ, ಹೀಗೆ ಮೂರರಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳುತ್ತದೆ. ಸೊಲ್ಲಾಪುರದಾಗ ಆ ಪ್ರಾದೇಶಿಕ ಭಾಷೆ ಅಂದ್ರ ಮರಾಠಿ. ಸರಕಾರಿ ಕಾಗದಕ್ಕೂ ಇಂಥದ್ದೇ ಅಳತೆ: 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ಒಪ್ಪಿದಂತೆ, ಜಿಲ್ಲೆ ಅಥವಾ ತಾಲೂಕಿನಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಭಾಷಾ ಅಲ್ಪಸಂಖ್ಯಾತರಿದ್ದರೆ ಮುಖ್ಯ ಕಾನೂನು, ನಿಯಮಗಳ ಸಾರಾಂಶವನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು. ಕಾಗದ ಅಚ್ಚು ಹಾಕಿಸಬೇಕು, ಗಂಟು ಕಟ್ಟಿ ಕಳಿಸಬೇಕು, ಉಳಿದರೆ ರದ್ದಿ. ಅದಕ್ಕೇ ಕಾಗದ ಮೊದಲು "ನೀವು ಎಷ್ಟು ಮಂದಿ ಇದ್ದೀರಿ?" ಅಂತ ಕೇಳ್ತದ.

ಯಂತ್ರ ಹಂಗ ಕೇಳಬೇಕಾಗಿಲ್ಲ. ಟೆಂಪ್ಲೇಟ್ ಒಮ್ಮೆ ಇದ್ದರೆ ಹತ್ತು ಸಾವಿರ ಮಂದಿಗೂ ಅದೇ, ಒಬ್ಬ ಮುದುಕಿಗೂ ಅದೇ. ಮೈಂದರ್ಗಿಯಲ್ಲಿ ಒಬ್ಬರಿದ್ದರೂ ಸಾಕು. ಗಡಿ ರೇಖೆ ಎಲ್ಲಿ ಹೋಗಿದೆ, ಯಾವ ಆಯೋಗ ಏನು ಹೇಳಿತು ಅನ್ನೋ ಯಾವ ವಾದವೂ ಇದಕ್ಕೆ ಬೇಕಿಲ್ಲ.

ಇಂಥದ್ದು ಆಗಲೇ ನಡೆದಿದೆ ಕೂಡ. ಅಂಗಡಿಯಲ್ಲಿ "ರೂಪಾಯಿ ಬಂದಿದೆ" ಅಂತ ಕೂಗುವ ಪೆಟ್ಟಿಗೆ ನೋಡ್ರಿ. ಫೋನ್‌ಪೇ ಸ್ಪೀಕರಿನಲ್ಲಿ ಕನ್ನಡ ಇದೆ, ಕಿಚ್ಚ ಸುದೀಪ್ ದನಿಯೂ ಬಂತು. ಭಾಷೆ ಆರಿಸಿಕೊಳ್ಳುವವನು ಅಂಗಡಿಯವನು. ಆಧಾರ್‌ನಲ್ಲೂ ಕನ್ನಡ ಸೇರಿ 13 ಭಾಷೆಗಳಿವೆ. ಹತ್ತು ರೂಪಾಯಿ ಚಹಾದ ಲೆಕ್ಕವನ್ನ ಗಿರಾಕಿಯ ಭಾಷೆಯಲ್ಲಿ ಹೇಳಾಕ ಆಗ್ತದ ಅಂದಮೇಲೆ ಲಕ್ಷ ರೂಪಾಯಿ ಸಾಲದ ಲೆಕ್ಕ ಹೇಳಾಕ ಯಾಕ ಆಗಬಾರದು?

ಅಡ್ಡಿ ಹೇಳೋರು ಇದ್ದಾರ. ಅವರ ಮಾತೂ ಕೇಳೋಣ.

ಮೊದಲ ಅಡ್ಡಿ ಖರ್ಚು. ಇದರಲ್ಲಿ ಸ್ವಲ್ಪ ಹುರುಳಿದೆ. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರ 160 ಹಿಡಿಸುತ್ತವೆ. ಕನ್ನಡವಾದರೆ 70 ಮಾತ್ರ. ಅದರಾಗೂ ಯಂತ್ರದ ಎಣಿಕೆ ಬೇರೆ. "ಸೊಲ್ಲಾಪುರ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ 9. ಕಾಗುಣಿತ, ಒತ್ತು ಎಲ್ಲಾ ಬಿಡಿಬಿಡಿಯಾಗಿ ಎಣಿಸ್ತದ. ಮೆಸೇಜ್ ಉದ್ದ ಆದ್ರ ಎರಡು ಮೆಸೇಜಿನ ಖರ್ಚು. ಆದರೆ ಮರಾಠಿಗೂ ಹಿಂದಿಗೂ ಇದೇ 70ರ ಲೆಕ್ಕ. ಅವುಗಳಲ್ಲಿ ಕಳಿಸಾಕ ಆಗ್ತದ ಅಂದ್ರ ಕನ್ನಡಕ್ಕೆ ಒಂದು ಪೈಸಾನೂ ಹೆಚ್ಚಿಗಿ ಬೀಳಲ್ಲ.

ಮತ್ತೆ, ಜಾಣತನದಿಂದ ಬರೆದರೆ ಒಂದರಲ್ಲೇ ಕೂಡಿಸಬಹುದು. ನೋಡ್ರಿ:

"ಖಾತೆ 4321ರಿಂದ ರೂ.5000 ಹೋಗಿದೆ. ನೀವಲ್ಲವಾದರೆ ಈಗಲೇ ಬ್ಯಾಂಕಿಗೆ ತಿಳಿಸಿ"

ಯಂತ್ರದ ಎಣಿಕೆಯಲ್ಲಿ ಇದು 63. ಇನ್ನೂ 7 ಉಳಿದವು. ಬ್ಯಾಂಕಿನ ಹೆಸರು, ತಾರೀಖು, ಫೋನ್ ನಂಬರ್ ಸೇರಿಸಿದರೆ ಎರಡು ಮೆಸೇಜ್ ಆದೀತು. ಆಗಲಿ. ಕೆಲವು ಪೈಸೆಯ ಮಾತು.

ಇಮೇಲಿಗಂತೂ ಈ ಅಡ್ಡಿಯೇ ಇಲ್ಲ. ಅಕ್ಷರಕ್ಕೆ ಇಷ್ಟು ಅಂತ ಖರ್ಚಿಲ್ಲ, ಒಂದೇ ಪತ್ರದಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಎರಡೂ ಇಡಬಹುದು. ಅಕ್ಷರಗಳು ಯುಟಿಎಫ್-8ರಲ್ಲಿ ಹೋದರೆ ಸಾಕು. ಇಲ್ಲದಿದ್ದರೆ ಕನ್ನಡದ ಜಾಗದಾಗ ಬರೇ ಪ್ರಶ್ನೆ ಚಿಹ್ನೆ ಕಾಣ್ತಾವ. ಇನ್ನು ಮುಂದೆ ಇಮೇಲಿನ ಕೆಲಸ ಹೆಚ್ಚಾಗ್ತದ ಅನ್ನೋದೂ ನೆನಪಿರಲಿ. 2024ರ ಜೂನ್ 25ರಿಂದ ಎಚ್‌ಡಿಎಫ್‌ಸಿ ಬ್ಯಾಂಕ್ ಯುಪಿಐನಲ್ಲಿ 100 ರೂಪಾಯಿಗಿಂತ ಕಡಿಮೆ ಕೊಟ್ಟದ್ದಕ್ಕೆ, 500ಕ್ಕಿಂತ ಕಡಿಮೆ ಬಂದದ್ದಕ್ಕೆ ಎಸ್‌ಎಂಎಸ್ ನಿಲ್ಲಿಸಿ ಇಮೇಲ್ ಮಾತ್ರ ಉಳಿಸಿಕೊಂಡಿತು. ಕಳ್ಳ ಮೊದಲು ಪರೀಕ್ಷೆ ಮಾಡೋದು ಸಣ್ಣ ಮೊತ್ತದಿಂದಲೇ. ಆ ಸುದ್ದಿ ಇಮೇಲಿಗೆ ಹೋದರೆ, ಇಮೇಲ್ ಯಾರದು, ಯಾವ ಭಾಷೆಯಲ್ಲಿದೆ ಅನ್ನೋದು ಮುಖ್ಯ ಆಗ್ತದ.

ಎರಡನೇ ಅಡ್ಡಿ: "ಶಾಖೆಯವರು ಮನಸ್ಸು ಮಾಡಿದ್ರ ಆಗ್ತದ, ಮ್ಯಾನೇಜರ್‌ಗೆ ಹೇಳ್ರಿ." ಆಗಂಗಿಲ್ಲ. ಟ್ರಾಯ್‌ನ 2018ರ ನಿಯಮದ ಪ್ರಕಾರ ಕಂಪನಿಗಳು ಕಳಿಸುವ ಪ್ರತಿ ಎಸ್‌ಎಂಎಸ್ ಟೆಂಪ್ಲೇಟೂ ಮೊದಲೇ ಡಿಎಲ್‌ಟಿಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಆದ ಮಾತಿಗೂ ಕಳಿಸಿದ ಮಾತಿಗೂ ತಾಳೆ ಬೀಳದಿದ್ದರೆ ಮೆಸೇಜ್ ನಡುದಾರಿಯಲ್ಲೇ ನಿಲ್ಲುತ್ತದೆ. 2021ರ ಮಾರ್ಚ್ 8ರಂದು ಈ ತಪಾಸಣೆ ಬಿಗಿ ಮಾಡಿದಾಗ ದೇಶದ ತುಂಬ ಓಟಿಪಿಗಳೇ ಬರಲಿಲ್ಲ, ಒಂದು ವಾರ ತಪಾಸಣೆ ತಡೆಹಿಡಿಯಬೇಕಾಯಿತು. ಆದ್ದರಿಂದ ಅಕ್ಕಲಕೋಟದ ಮ್ಯಾನೇಜರ್ ಎಷ್ಟೇ ಒಳ್ಳೆಯವರಿದ್ದರೂ ತಮ್ಮ ಕೈಯಿಂದ ಮೆಸೇಜಿನ ಒಂದು ಶಬ್ದ ಬದಲಿಸಲಾರರು. ತೀರ್ಮಾನ ಆಗೋದು ಪ್ರಧಾನ ಕಚೇರಿಯಲ್ಲಿ. ನಮ್ಮ ಅರ್ಜಿ ಅಲ್ಲಿ ಮುಟ್ಟಬೇಕು. ಶಾಖೆಯವರ ಜೊತೆ ಜಗಳಾಡಿ ಉಪಯೋಗ ಇಲ್ಲ, ಅವರೂ ನಿಮ್ಮಂಗೇ ಆ ಮೆಸೇಜ್ ಓದಿ ಹೇಳಿ ಹೇಳಿ ಬ್ಯಾಸತ್ತವರು. ಕನ್ನಡದ ಟೆಂಪ್ಲೇಟೂ ಡಿಎಲ್‌ಟಿಯಲ್ಲಿ ನೋಂದಣಿ ಆಗುತ್ತದೆ, ಅದಕ್ಕೇನೂ ತಡೆ ಇಲ್ಲ.

ಮೂರನೇ ಅಡ್ಡಿ ನಮ್ಮವರ ಬಾಯಿಂದಲೇ ಬರ್ತದ: "ನಮ್ಮ ಹುಡುಗರು ಮರಾಠಿ ಶಾಲೇದಾಗ ಕಲ್ತಾರ. ಕನ್ನಡ ಮಾತಾಡ್ತಾರ, ಓದಾಕ ಬರಲ್ಲ. ಯಾರಿಗೆ ಬೇಕು ಇದು?" ನಿಜ, ಅಂಥವರು ಬಹಳ ಮಂದಿ ಇದ್ದಾರೆ. ಅವರು ಮರಾಠಿ ಆರಿಸಿಕೊಳ್ಳಲಿ, ಅದರಲ್ಲಿ ಅವಮಾನ ಏನೂ ಇಲ್ಲ. ಅದಕ್ಕೇ ನಾವು "ಅಕ್ಕಲಕೋಟಕ್ಕೆಲ್ಲ ಕನ್ನಡ ಕಳಿಸಿ" ಅಂತ ಕೇಳ್ತಾ ಇಲ್ಲ. ಅಡ್ಡಹೆಸರು ನೋಡಿ, ಊರು ನೋಡಿ ಭಾಷೆ ಅಂದಾಜು ಮಾಡೋದು ತಪ್ಪು. ಕೇಳಿ ಬರೆದುಕೊಳ್ಳಬೇಕು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಕನ್ನಡದಲ್ಲಿ ಬರಲಿ. ಓದೋಕೇ ಬಾರದ ಹಿರಿಯರಿಗೆ ಅದೇ ಟೆಂಪ್ಲೇಟನ್ನ ಕನ್ನಡ ದನಿಯಲ್ಲಿ ಫೋನ್ ಮಾಡಿ ಕೇಳಿಸಲಿ. ಕಿವಿಗೆ ಲಿಪಿ ಬೇಕಿಲ್ಲ.

ಈ ಕಾಲಂನಿಂದ ನಮಗೊಬ್ಬರಿಗೇ ಲಾಭ ಅಲ್ಲ. ಸೊಲ್ಲಾಪುರದ ಮಗ್ಗದ ಓಣಿಗಳಲ್ಲಿ ತೆಲುಗು ಮಾತಾಡೋ ಪದ್ಮಶಾಲಿ ಮನೆಗಳಿದ್ದಾವೆ, ಉರ್ದು ಓದುವವರಿದ್ದಾರೆ. ಆ ಕಡೆ ಬೆಳಗಾವಿ, ನಿಪ್ಪಾಣಿಯಲ್ಲಿ ಮರಾಠಿ ಓದುವ ಅಜ್ಜಿಗೆ ಮರಾಠಿ ಮೆಸೇಜ್ ಬೇಕು. ಅವಳಿಗೂ ಇದೇ ಕಾಲಂ ಸಾಕು. ನಾವು ಇಲ್ಲಿ ಕೇಳೋದನ್ನ ಅಲ್ಲಿ ಬೇಡ ಅನ್ನಲಾರೆವು, ಅವರು ಅಲ್ಲಿ ಕೇಳೋದನ್ನ ಇಲ್ಲಿ ಬೇಡ ಅನ್ನಲಾರರು. ಅದಕ್ಕೇ ಇದರಲ್ಲಿ ಮರಾಠಿ ಗೆಳೆಯರ ಸಹಿಯನ್ನೂ ಕೇಳಬಹುದು.

ಇನ್ನು ನಾವೇ ಮಾಡಬೇಕಾದ ಕೆಲಸ. ಕನ್ನಡದಲ್ಲಿ ಬಂತು ಅಂದಮಾತ್ರಕ್ಕೆ ತಿಳೀತು ಅಂತ ಅಲ್ಲ. "ನಿಮ್ಮ ಖಾತೆಯಿಂದ ಮೊತ್ತವನ್ನು ವ್ಯವಕಲನ ಮಾಡಲಾಗಿರುತ್ತದೆ" ಅಂತ ಬರೆದರೆ ನಮ್ಮ ಅವ್ವ ಮತ್ತೆ ಫೋನ್ ಹಿಡ್ಕೊಂಡು ಕೌಂಟರಿಗೇ ಬರ್ತಾಳ. ನಮ್ಮ ಕಡೆಯ ಶಬ್ದ ಬೇರೆ. ಜಮಾ, ಕಡಿತ, ಬಾಕಿ, ಹಪ್ತೆ, ಮುದ್ದತ್ತು, ಕರ್ಜ, ರೊಕ್ಕ: ಇವು ಮರಾಠಿ ಬಲ್ಲವರಿಗೂ ಕನ್ನಡ ಬಲ್ಲವರಿಗೂ ಹೆಚ್ಚುಕಡಿಮೆ ಒಂದೇ ಸಲ ತಿಳಿಯೋ ಶಬ್ದಗಳು. ಟೆಂಪ್ಲೇಟ್ ಬರೆಯೋರು ಅವನ್ನೇ ಬಳಸಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಖಾಲಿ ಜಾಗಕ್ಕೆ ಯಾವ ಹೆಸರು ಬಂದರೂ ವಾಕ್ಯ ಕೆಡಲ್ಲ. ನಮ್ಮಲ್ಲಿ ಹೆಸರಿನ ತುದಿಗೆ ಪ್ರತ್ಯಯ ಅಂಟುತ್ತದೆ: ಗೌರಿಗೆ, ಬಸವರಾಜನಿಗೆ, ಅಕ್ಕಲಕೋಟಕ್ಕೆ. ಯಂತ್ರ ಎಲ್ಲದಕ್ಕೂ "ಗೆ" ಅಂಟಿಸಿದರೆ "ಅಕ್ಕಲಕೋಟಗೆ" ಆಗಿ ಓದೋರು ನಗ್ತಾರ, ಇಲ್ಲಾ ಇದು ಮೋಸದ ಮೆಸೇಜ್ ಅಂತ ಅಳಿಸಿಬಿಡ್ತಾರ. ಆದ್ದರಿಂದ ಖಾಲಿ ಜಾಗವನ್ನ ಬೇರೆ ಸಾಲಿನಲ್ಲಿ ಇಡಬೇಕು. "ಹೆಸರು: ____. ಕಟ್ಟಬೇಕಾದ ರೊಕ್ಕ: ____. ಕಡೀ ತಾರೀಖು: ____." ಅವಸರದ ಮಾತು ಮೊದಲು, ಏನು ಮಾಡಬೇಕು ಅನ್ನೋದು ಆಮೇಲೆ, ಉಳಿದದ್ದು ಕೆಳಗೆ. ಇದನ್ನ ಬೆಂಗಳೂರಿನಲ್ಲಿ ಕೂತು ಅನುವಾದ ಮಾಡೋರಿಗಿಂತ ದುಧನಿ, ಕರಜಗಿಯ ಬಿಕಾಂ ಓದೋ ಹುಡುಗ ಹುಡುಗೀರು ಚಲೋ ಬರೀತೀರಿ.

ಹಂಗಾರ ಈ ವಾರ ಇಷ್ಟು ಮಾಡ್ರಿ.

1. ಮನೆಯ ಎಲ್ಲರ ಖಾತೆಗೂ ಅವರವರ ಮೊಬೈಲ್ ನಂಬರೇ ಇದೆಯಾ ನೋಡ್ರಿ. ಇಮೇಲ್ ಇಲ್ಲದಿದ್ದರೆ ನೀವು ದಿನಾ ತೆರೆಯುವ ಇಮೇಲ್ ಕೊಡ್ರಿ. ಸೈಬರ್ ಕೆಫೆಯವರು ಹಿಂದೆ ಮಾಡಿಕೊಟ್ಟ, ಪಾಸ್‌ವರ್ಡ್ ಮರೆತ ಇಮೇಲ್ ಇದ್ದರೆ ಬದಲಿಸ್ರಿ.

2. "ನಮ್ಮ ಖಾತೆಯ ಸೂಚನೆಗಳು ಕನ್ನಡದಲ್ಲಿ ಬೇಕು" ಅಂತ ಲಿಖಿತ ಅರ್ಜಿ ಕೊಡ್ರಿ. ಒಂದು ಪ್ರತಿ ಶಾಖೆಗೆ, ಒಂದು ಪ್ರಧಾನ ಕಚೇರಿಯ ಗ್ರಾಹಕ ಸೇವಾ ವಿಭಾಗಕ್ಕೆ ಇಮೇಲ್. ಶಾಖೆಯ ಪ್ರತಿಗೆ ಸಿಕ್ಕಾ ಹಾಕಿಸಿಕೊಂಡು ಇಟ್ಟುಕೊಳ್ರಿ. ಆ್ಯಪಿನ ಭಾಷೆ ಬದಲಿಸಿದ್ರ ಮೆಸೇಜಿನ ಭಾಷೆ ಬದಲಾತು ಅನ್ಕೋಬ್ಯಾಡ್ರಿ, ಅವು ಬೇರೆ ಬೇರೆ.

3. ರೊಕ್ಕ ಹೋದ ಮೆಸೇಜ್ ಕಂಡರೆ ಭಾಷೆಯ ಮಾತು ಪಕ್ಕಕ್ಕಿಡ್ರಿ. ಮೊದಲು ಬ್ಯಾಂಕಿಗೆ ತಿಳಿಸಿ ದೂರಿನ ನಂಬರ್ ಬರೆದುಕೊಳ್ರಿ, ಕೂಡಲೇ 1930ಕ್ಕೆ ಫೋನ್ ಮಾಡ್ರಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರ್ 12ರಂದು ಶುರುವಾದ ಈ ಯೋಜನೆಯಲ್ಲಿ ಅಂಚೆ ಮತ್ತು ಇಮೇಲ್ ದೂರುಗಳನ್ನು ಚಂಡೀಗಢದ ಕೇಂದ್ರ ಯಾವುದೇ ಭಾಷೆಯಲ್ಲಿ ತೆಗೆದುಕೊಳ್ಳುತ್ತದೆ. ಕನ್ನಡದಲ್ಲೇ ಬರೀರಿ.

4. ಹತ್ತು ಟೆಂಪ್ಲೇಟ್ ನಾವೇ ಬರೆಯೋಣ. ರೊಕ್ಕ ಕಡಿತ, ರೊಕ್ಕ ಜಮಾ, ಬೆಳೆಸಾಲದ ತಾರೀಖು, ವಿಮೆಯ ಹಪ್ತೆ, ಠೇವಣಿ ಮುದ್ದತ್ತು, ಕೆವೈಸಿ, ನಿಂತುಹೋದ ಖಾತೆ, ಎಟಿಎಂ ಕಾರ್ಡ್ ಬಂದ್, ಚೆಕ್ ವಾಪಸ್, ಓಟಿಪಿ. ಒಂದೊಂದು 70ರೊಳಗೆ, ಇಲ್ಲವೇ ಎರಡು ಮೆಸೇಜಿನ 134ರೊಳಗೆ. ಬರೆದದ್ದನ್ನ ಮೊದಲು ಮನೆಯ ಹಿರಿಯರಿಗೆ ಓದಿಸ್ರಿ. ಅವರು "ಅಂದ್ರ ಏನು?" ಅಂತ ಕೇಳಿದ ಶಬ್ದ ತೆಗೆದುಹಾಕ್ರಿ. ಅರ್ಜಿಯ ಜೊತೆ ಈ ಹತ್ತನ್ನೂ ಲಗತ್ತಿಸೋಣ. ಕೆಲಸ ಬಹಳ ಅದ ಅನ್ನೋ ನೆಪ ಆಗ ಉಳಿಯಲ್ಲ.

ಸಂವಿಧಾನದ 350ನೇ ವಿಧಿ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ತನ್ನ ಕುಂದುಕೊರತೆಯನ್ನು ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯುವ ಹಕ್ಕನ್ನ ಪ್ರತಿಯೊಬ್ಬರಿಗೂ ಕೊಟ್ಟಿದೆ. ನಾವು ಕೇಳೋ ಹಕ್ಕು ಅಲ್ಲಿದೆ. ತಿರುಗಿ ನಮಗೆ ಬರುವ ಮಾತೂ ನಮಗೆ ತಿಳಿಯುವಂತಿರಲಿ ಅನ್ನೋದು ಅದರ ಇನ್ನರ್ಧ. ಆ ಇನ್ನರ್ಧಕ್ಕೆ ಬೇಕಾಗಿರೋದು ಒಂದು ಕಾಲಂ, ಹತ್ತು ಟೆಂಪ್ಲೇಟು.

ನೀವು ಬರೆದ ಟೆಂಪ್ಲೇಟ್ ಕೆಳಗೆ ಹಾಕ್ರಿ. ಮೊದಲು ಬೆಳೆಸಾಲದ್ದು ಬರಲಿ, ಮಾರ್ಚ್ ತಿಂಗಳು ಯಾರಿಗೂ ಕಾಯಲ್ಲ.